ಸೋತವರು ಹಾಕುವ ಹಾರ

ರಾಮನಗರದ ಭೂಮಾಪನ ಕಚೇರಿಯಲ್ಲಿ ನಾನು ಸರ್ವೆಯರ್ ಕೆಲಸಕ್ಕೆ ಹಾಜರಾದ ದಿನ ಅಲ್ಲೊಂದು ಸನ್ಮಾನ ನಡೆಯುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದ ಸರ್ವೆಯರ್ ಒಬ್ಬರ ಕೊರಳಿಗೆ, ಪಂಚೆ ಉಟ್ಟ ರೈತರೊಬ್ಬರು ಹಾರ ಹಾಕುತ್ತಿದ್ದರು. ಹೂವಿನದಲ್ಲ, ರೇಷ್ಮೆಗೂಡು ಪೋಣಿಸಿದ ಹಾರ. ಬೀದರಿನಿಂದ ರೈಲಿನಲ್ಲಿ ಕೂತೂ ಕೂತೂ ಸೊಂಟ ಹಿಡಿದುಹೋಗಿದ್ದ ನನಗೆ ಅದು ಮೊದಲು ಹತ್ತಿಯ ಉಂಡೆಗಳ ಹಾಗೆ ಕಂಡಿತು. ಪಕ್ಕದಲ್ಲಿ ನಿಂತವರನ್ನು ಕೇಳಿದೆ, "ಹೊಲ ಅಳದು ಕೊಟ್ಟಾರಂತ ಖುಷಿಯಾಗಿ ಬಂದಾರೇನ್ರಿ ಇವರು?"

"ಖುಷಿ ಎಲ್ಲಿ ಬತ್ತದೆ ಮೇಡಂ? ಈ ಸಾಹೇಬ್ರು ಅಳೆದ ಮ್ಯಾಕೆ ಆವಯ್ಯನ ಜಮೀನು ಒಸಿ ಪಕ್ಕದೋರಿಗೆ ಹೊಂಟೋಯ್ತು" ಎಂದರು ಅವರು.

ನಾನು ಹೌಹಾರಿದೆ. ನಮ್ಮ ಕಡೆ ಅಳತೆಯಲ್ಲಿ ನೆಲ ಕಳೆದುಕೊಂಡವರು ಸರ್ವೆಯರನ ಕೊರಳಿಗೆ ಕೈ ಹಾಕಿದರೆ ಅದು ಹಾರ ಹಾಕಲಿಕ್ಕಲ್ಲ ಎನ್ನುವುದನ್ನು ಬೀದರಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಗೊತ್ತಾಯಿತು, ಇದು ಈ ಕಚೇರಿಯ ಪದ್ಧತಿ. ವರ್ಷಕ್ಕೊಮ್ಮೆ ನೌಕರರಲ್ಲಿ ಒಬ್ಬರಿಗೆ ಸನ್ಮಾನ. ಯಾರಿಗೆ ಎಂದು ಆರಿಸುವುದು ನೌಕರರೇ. ಆದರೆ ಹಾರ ಹಾಕಬೇಕಾದವರು ಸಾಹೇಬರಲ್ಲ, ಶಾಸಕರಲ್ಲ, ಆ ನೌಕರರ ಅಳತೆಯಿಂದ ನೆಲ ಕಳೆದುಕೊಂಡವರು. ಅವರಿಗೆ ಒಂದು ಸಲ ಹೇಳಿ ಕಳಿಸುತ್ತಾರೆ, ಎರಡನೆಯ ಸಲ ಕರೆಯುವುದಿಲ್ಲ. ಬಂದರೆ ಬಂದರು. ಬಾರದಿದ್ದರೆ ಹಾರ ಮೇಜಿನ ಮೇಲೆಯೇ ಉಳಿಯುತ್ತದೆ, ಪ್ರಮಾಣಪತ್ರ ಕೊಟ್ಟು, ಖಾರಾಬೂಂದಿ ತಿಂದು ಎದ್ದು ಹೋಗುತ್ತಾರೆ. "ಗೆದ್ದೋರು ಹೊಗಳೋದ್ರಲ್ಲಿ ಏನಿದೆ ಮೇಡಂ?" ಎಂದರು ನಮ್ಮ ಮೇಲ್ವಿಚಾರಕರಾದ ಪುಟ್ಟಸ್ವಾಮಿ. ಎಷ್ಟು ಸಲೀಸಾಗಿ ಹೇಳಿದರೆಂದರೆ, ಇಡೀ ರಾಜ್ಯದಲ್ಲಿ ಹೀಗೇ ನಡೆಯುತ್ತದೆ ಎಂದುಕೊಂಡಿದ್ದಾರೇನೋ ಎನಿಸಿತು.

ಈ ಪುಟ್ಟಸ್ವಾಮಿಯವರೇ ನಮ್ಮ 'ಸಿಬ್ಬಂದಿ ವಾರ್ತೆ'ಯ ಸಂಪಾದಕರೂ ಹೌದು. ತಿಂಗಳಿಗೊಂದು ಸಲ ಬರುವ ನಾಲ್ಕು ಪುಟದ ಪತ್ರಿಕೆ. ಯಾರಿಗೆ ಬಡ್ತಿ ಬಂತು, ಯಾರು ನಿವೃತ್ತರಾದರು, ಯಾರ ಮಗಳ ಮದುವೆ, ಯಾರ ಮಂಡಿಗೆ ಆಪರೇಷನ್, ಎಲ್ಲ ಅದರಲ್ಲಿ. ನನ್ನ ಬಗ್ಗೆ, "ಬೀದರಿನ ಬಿರುಬಿಸಿಲಿನಿಂದ ನಮ್ಮ ಬೆಟ್ಟಗಳ ತಂಪು ನೆರಳಿಗೆ ಆಗಮಿಸಿರುವ ಶ್ರೀಮತಿ ಮಹಾದೇವಿಯವರಿಗೆ ಹಾರ್ದಿಕ ಸ್ವಾಗತ" ಎಂದು ಬರೆದರು. "ನಮ್ಮಲ್ಲಿನೂ ನೆರಳೈತ್ರಿ ಸರ್, ಗಿಡಾನೂ ಅದಾವ" ಎಂದು ನಾನು ಜಗಳಕ್ಕೆ ಹೋದೆ. ಅವರು ನಕ್ಕು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಯೇಬಿಟ್ಟರು: ಬೀದರಿನಲ್ಲೂ ಗಿಡಗಳಿವೆ.

ನಗು ಸರಿ, ಆದರೆ ಹಾಜರಾದ ತಿಂಗಳೇ ನಾನು ಊರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದೆ. ನನ್ನ ಮಗಳು ಗೌರಿ, ಒಂದನೇ ಇಯತ್ತೆ, ಬೀದರಿನಲ್ಲಿ ಅಪ್ಪನ ಹತ್ತಿರ ಇದ್ದಳು. ಗಂಡನ ಮೇಷ್ಟರಿಕೆ ಅಲ್ಲಿ, ನನ್ನ ಅಳತೆಯ ಸರಪಳಿ ಇಲ್ಲಿ. ಮಗಳ ಮೊದಲ ಹಲ್ಲು ಬಿದ್ದದ್ದನ್ನು ನಾನು ನೋಡಿದ್ದು ಫೋನಿನಲ್ಲಿ. ಬಾಯಿ ಅಗಲಿಸಿ ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಿಡಿದಳೆಂದರೆ ಬರೀ ಕೆಂಪು ಕಾಣಿಸಿತು. ನಗುತ್ತಲೇ ಫೋನಿಟ್ಟು ಆಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಊರಿಗೆ ಹೋಗಬೇಕು, ಮಗಳ ಹತ್ತಿರ ಇರಬೇಕು, ಆಗ ನನ್ನ ತಲೆಯಲ್ಲಿದ್ದದ್ದು ಇದೊಂದೇ.

ಬಾಡಿಗೆಗೆ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮಹಡಿಯ ಕೋಣೆ. ಕೆಳಗೆ ಮನೆಯ ಒಡತಿ ಜಯಮ್ಮ. ಮೊದಲ ಭಾನುವಾರ ನಾನು ರೊಟ್ಟಿ ಬಡಿಯಲು ಕೂತಾಗ ಜಯಮ್ಮ ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದರು. "ಏನವ್ವ ಅದು ದಬದಬ? ಯಾರ್ಗ್ ಹೊಡಿತಿದ್ದೀಯಾ?" ಅವರಿಗೆ ಜೋಳದ ರೊಟ್ಟಿ ಬಡಿಯುವ ಸದ್ದು ಗೊತ್ತಿಲ್ಲ, ನನಗೆ ಮುದ್ದೆ ನುಂಗುವುದು ಗೊತ್ತಿಲ್ಲ. ಅವರ ಉಪ್ಸಾರು ನನಗೆ ಮೊದಲು ಬರೀ ಬಿಸಿನೀರು ಎನಿಸಿತ್ತು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಪಕ್ಕದಲ್ಲಿಟ್ಟ ಖಾರವನ್ನು ಬೇಕಾದಷ್ಟು ಕಲಸಿಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಭಾನುವಾರ ಬಂದರೆ ಜಯಮ್ಮ ಕೆಳಗಿನಿಂದಲೇ ಕೂಗುತ್ತಾರೆ, "ನಂಗೂ ಎರಡು ಬಡಿಯವ್ವ!" ಉಪ್ಸಾರಿನ ಖಾರಕ್ಕೆ ಜೋಳದ ರೊಟ್ಟಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ನೀವೂ ಒಮ್ಮೆ ಮಾಡಿ ನೋಡಿ.

ಕೆಲಸದಲ್ಲೂ ಎಲ್ಲ ಬೇರೆಯೇ. ನಮ್ಮ ಕರಿಯ ನೆಲದಲ್ಲಿ ಹೊಲದ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತದೆ. ಇಲ್ಲಿ ನಡುವೆ ಆನೆಯಷ್ಟು ದೊಡ್ಡ ಬಂಡೆ ಕೂತಿರುತ್ತದೆ, ಅದನ್ನು ಸುತ್ತಿ ಅಳೆಯಬೇಕು. ಅದಕ್ಕಿಂತ ಸೋಜಿಗವೆಂದರೆ, ಅಳತೆಗೆ ದಿನ ಗೊತ್ತುಮಾಡುವ ಮೊದಲು ನಮ್ಮ ಕಚೇರಿಯವರು ರೈತರಿಗೆ ಫೋನು ಮಾಡಿ ಕೇಳುವುದು: "ಹುಳ ಯಾವ ಜ್ವರದಲ್ಲವೆ?" ರೇಷ್ಮೆಹುಳು ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿ ಸುಮ್ಮನೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಮೈತುಂಬ ಸೊಪ್ಪು ತಿಂದು, ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವ ದಿನ ಮನೆಯವರು ಯಾರ ಕೈಗೂ ಸಿಗುವುದಿಲ್ಲ. ಸರ್ಕಾರಿ ಅಳತೆ ಹುಳುವನ್ನು ಕೇಳಿ ನಡೆಯುವುದೇ? ನಾನು ನಂಬಲಿಲ್ಲ. ಕೈಲಾಂಚದ ಕಡೆಯ ಒಂದು ಜಮೀನಿಗೆ ಕ್ಯಾಲೆಂಡರ್ ನೋಡಿ ದಿನ ಹಾಕಿ ನೋಟಿಸ್ ಕಳಿಸಿಬಿಟ್ಟೆ.

ಜಮೀನು ಚಿಕ್ಕತಾಯಮ್ಮನದು. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆಯನ್ನೂ ಹುಳುವನ್ನೂ ತಾನೇ ನೋಡಿಕೊಂಡು ಬಂದ ಹೆಂಗಸು. ಪಕ್ಕದ ಜಮೀನು ಶಿವಣ್ಣನದು. ತನ್ನ ನೆಲವನ್ನು ಆಕೆ ಒತ್ತಿದ್ದಾಳೆ ಎಂದು ಅಳತೆಗೆ ಅರ್ಜಿ ಹಾಕಿದ್ದವನು ಅವನೇ. ನಾನು ಉಪಕರಣ ಹೊರಿಸಿಕೊಂಡು ಹೋದರೆ ಎಲ್ಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸದ್ದು ಕೇಳಿ ಹುಳುಮನೆಗೆ ಹೋದೆ. ಒಳಗೆ ಊರರ್ಧ ಜನ ಸೇರಿ ಹಣ್ಣಾದ ಹುಳುಗಳನ್ನು ಆರಿಸಿ, ಬಿದಿರಿನ ದೊಡ್ಡ ತಟ್ಟೆಗಳಿಗೆ, ಅಂದರೆ ಚಂದ್ರಿಕೆಗಳಿಗೆ, ಬಿಡುತ್ತಿದ್ದಾರೆ. ಅವರ ನಡುವೆ ಕೂತು ಚಿಕ್ಕತಾಯಮ್ಮನ ಹುಳು ಆರಿಸುತ್ತಿದ್ದಾನೆ ಇದೇ ಶಿವಣ್ಣ!

ನನಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಇದು? ನೋಟಿಸ್ ಮುಟ್ಟಿಲ್ಲೇನು ನಿಮಗ?"

"ಮುಟ್ಟೈತೆ ಕಣವ್ವ" ಎಂದಳು ಚಿಕ್ಕತಾಯಮ್ಮ, ತಲೆ ಎತ್ತದೆ. "ನಿನ್ ನೋಟೀಸು ನಾಳಿಕೂ ಇರ್ತದೆ. ಹುಳ ಕಾಯಕ್ಕಿಲ್ಲ. ಸುಮ್ನೆ ಯಾಕ್ ನಿಂತಿದ್ದೀಯೆ? ಕೈ ತೊಳ್ಕಂಡ್ ಬಾ."

ನಾನು ಶಿವಣ್ಣನ ಕಡೆ ತಿರುಗಿದೆ. "ನೀವರ ಹೇಳ್ರಿ. ಜಗಳ ಐತಂತ ಅರ್ಜಿ ಕೊಟ್ಟವರು ನೀವ ಅಲ್ಲೇನು?"

"ಜಗಳ ಐತೆ ಮೇಡಂ, ಅದೆಲ್ಲೋಯ್ತದೆ? ಮೊದ್ಲು ಹುಳ ಹತ್ತಿಸ್ಬುಡವ" ಎಂದ ಅವನು.

ಏನು ಮಾಡಲಿ? ಕೈ ತೊಳೆದು ಬಂದು ಕೂತೆ. ಹಣ್ಣಾದ ಹುಳು ತಣ್ಣಗೆ, ಮೆತ್ತಗೆ, ಬೆಳಕಿಗೆ ಹಿಡಿದರೆ ಹಳದಿ ದ್ರಾಕ್ಷಿಯ ಹಾಗೆ ಕಾಣುತ್ತದೆ. ಮೊದಲನೆಯದನ್ನು ಹಿಡಿದಾಗ ಮೈ ಜುಮ್ಮೆಂದು ಚೀರಿಬಿಟ್ಟೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಕ್ಕತಾಯಮ್ಮ ನನ್ನ ಬೆರಳು ಹಿಡಿದು, "ಹಿಂಗಲ್ಲ, ಹಿಂಗೆ. ಹಿಚುಕ್ಬುಟ್ಟೀಯಾ!" ಎಂದು ತೋರಿಸಿಕೊಟ್ಟಳು. ಮಧ್ಯಾಹ್ನ ಅವರ ಜೊತೆಯಲ್ಲೇ ಮುದ್ದೆ ಉಂಡೆ, ಅಗಿಯದೆ. ಈ ಊರಿಗೆ ಬಂದ ಮೇಲೆ ಒಂಟಿ ಎನಿಸದ ಮೊದಲ ದಿನ ಅದು.

ಅಳತೆ ಮುಂದಿನ ವಾರ ನಡೆಯಿತು. ಯಂತ್ರ ತೋರಿಸಿದ್ದು ಶಿವಣ್ಣನ ಮಾತೇ ನಿಜವೆಂದು. ಚಿಕ್ಕತಾಯಮ್ಮನ ಹಿಪ್ಪುನೇರಳೆಯಲ್ಲಿ ಎರಡು ಸಾಲು ಎಲ್ಲೆಯ ಆಚೆಗೆ ಬೀಳುತ್ತಿದ್ದವು. ಆಕೆ ಗೊತ್ತಿದ್ದು ಒತ್ತಿದ್ದಲ್ಲ. ಎಲ್ಲೆಯ ಕಲ್ಲು ಯಾವಾಗಲೋ ಮಣ್ಣಿನಲ್ಲಿ ಹೂತುಹೋಗಿತ್ತು, ಗಂಡ ಬಿಟ್ಟುಹೋದ ಸಾಲನ್ನೇ ನಂಬಿ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದಳು. "ನಿನ್ ಮಿಷಿನ್ನು ಏನ್ ಬೇಕಾದ್ರೂ ಹೇಳ್ತದೆ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಮೊನ್ನೆ ಊಟ ಹಾಕಿದ ಕೈ ಅದು.

ನಮ್ಮ ಬೀದರಿನಲ್ಲಿ ನಾನು ಕೆಲಸ ಕಲಿಯುವಾಗ ಹಳೆಯ ಸರ್ವೆಯರುಗಳು ಮಾಡುತ್ತಿದ್ದದ್ದು ನೆನಪಾಯಿತು. ಯಂತ್ರ ಮುಚ್ಚಿಟ್ಟು ಸರಪಳಿ ತೆಗೆದೆ. ಅದರ ಒಂದು ತುದಿ ಆಕೆಯ ಕೈಗೇ ಕೊಟ್ಟೆ. "ನೀವ ಹಿಡೀರಿ ಅವ್ವ. ಸಡಿಲ ಬಿಡಬ್ಯಾಡ್ರಿ. ಎಲ್ಲಿ ಬರ್ತದೋ ನೀವ ನೋಡ್ರಿ." ಆ ಬಿಸಿಲಿನಲ್ಲಿ ಆಕೆ ಒಂದು ಕಡೆ, ನಾನೊಂದು ಕಡೆ, ಇಡೀ ಜಮೀನನ್ನು ಮತ್ತೆ ಅಳೆದೆವು. ಸರಪಳಿ ಬಂದು ನಿಂತಲ್ಲಿ ಶಿವಣ್ಣ ಹಾರೆಯಿಂದ ಅಗೆದ. ಹಳೆಯ ಕಲ್ಲು ಸಿಕ್ಕಿತು. ಆಕೆ ಅದರ ಮಣ್ಣನ್ನು ಕೈಯಿಂದ ಒರೆಸಿ ನೋಡಿದಳು.

"ಅಳತೆ ಸರ್ಯಾಗೈತೆ" ಎಂದಳು. ಮಜ್ಜಿಗೆ ಕುಡೀತೀಯಾ ಎಂದೂ ಕೇಳದೆ ಮನೆಯ ಕಡೆ ನಡೆದುಬಿಟ್ಟಳು. ಕಾನೂನು ಹೇಳಿದ್ದನ್ನೇ ಮಾಡಿದ್ದೆ, ಆದರೂ ಬಸ್ಸಿನಲ್ಲಿ ಕೂತು ಆ ಲೆಕ್ಕವನ್ನು ಮತ್ತೆರಡು ಸಲ ಹಾಕಿ ನೋಡಿದೆ.

ಮರುವರ್ಷದ ಸನ್ಮಾನಕ್ಕೆ ಸಹೋದ್ಯೋಗಿಗಳು ನನ್ನ ಹೆಸರನ್ನೇ ಆರಿಸಿದಾಗ ನಾನು ಪುಟ್ಟಸ್ವಾಮಿಯವರಿಗೆ ಕೈಮುಗಿದೆ. "ಬ್ಯಾಡ್ರಿ ಸರ್. ಚಿಕ್ಕತಾಯಮ್ಮ ಬರಂಗಿಲ್ಲ. ನನ್ನ ಮುಂದ ಹಾರ ಹಂಗೇ ಉಳದ್ರ ನಾ ತಡಕೊಳ್ಳಂಗಿಲ್ಲ."

"ಹೇಳಿ ಕಳ್ಸಿದ್ದೀವಿ ಮೇಡಂ. ಬರೋದು ಬಿಡೋದು ಅವರಿಷ್ಟ" ಎಂದರು ಅವರು. ಅದೇ ವಾರ ನನ್ನ ವರ್ಗಾವಣೆಯ ಆದೇಶವೂ ಬಂತು. ಬೀದರಿಗೇ! ಕಚೇರಿಯಲ್ಲೇ ಕುಣಿದುಬಿಟ್ಟೆ. ಫೋನಿನಲ್ಲಿ ಗೌರಿ ಕಿರುಚಿದ ಸದ್ದಿಗೆ ಪಕ್ಕದ ಮೇಜಿನವರೂ ತಿರುಗಿ ನೋಡಿದರು. 'ಸಿಬ್ಬಂದಿ ವಾರ್ತೆ'ಯ ಒಂದೇ ಪುಟದಲ್ಲಿ ಸನ್ಮಾನ ಮೇಲೆ, ವರ್ಗಾವಣೆ ಕೆಳಗೆ, ನನ್ನ ಹೆಸರು ಎರಡು ಕಡೆಯೂ ಬಂತು.

ಸನ್ಮಾನದ ದಿನ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಭಾಷಣ ಮುಗಿಯಿತು, ಶಾಲು ಹೊದಿಸಿದರು, ಪ್ರಮಾಣಪತ್ರ ಕೊಟ್ಟರು. ಕಚೇರಿಯವರು ತರಿಸಿದ್ದ ಹಾರ ಮೇಜಿನ ಮೇಲೆ ತಟ್ಟೆಯಲ್ಲಿತ್ತು. ಮಗಳ ಹತ್ತಿರ ಹೋಗುತ್ತಿದ್ದೇನಲ್ಲ, ಇನ್ನು ಹಾರ ಯಾಕೆ ಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಬೇಕಲ್ಲ, ಕಣ್ಣು ಬಾಗಿಲಲ್ಲೇ ಇತ್ತು. ಖಾರಾಬೂಂದಿಯ ತಟ್ಟೆಗಳು ಒಳಗೆ ಬರುವ ಹೊತ್ತಿಗೆ ಹೊರಗೆ ಬೈಕು ನಿಂತ ಸದ್ದಾಯಿತು. ಓಡಿಸಿಕೊಂಡು ಬಂದವನು ಶಿವಣ್ಣ, ಹಿಂದೆ ಕೂತಿದ್ದವಳು ಚಿಕ್ಕತಾಯಮ್ಮ. ಮೇಜಿನ ಮೇಲಿನ ಹಾರವನ್ನು ಆಕೆ ನೋಡಲೂ ಇಲ್ಲ. ಬ್ಯಾಗಿನಿಂದ ತನ್ನದೇ ಹಾರ ತೆಗೆದಳು.

"ಜಳ್ಳು ಗೂಡಲ್ಲ ಕಣವ್ವ. ಮಾರ್ಕೆಟ್ಟಿಗೆ ಹಾಕೋ ಗೂಡಲ್ಲೇ ಆರಿಸಿ ಪೋಣಿಸಿವ್ನಿ" ಎಂದಳು.

ಪುಟ್ಟಸ್ವಾಮಿಯವರು ಮೈಕಿನಲ್ಲಿ ಉತ್ಸಾಹದಿಂದ, "ನಮ್ಮ ಮಹಾದೇವಿ ಮೇಡಂಗೆ ಅವರ ಊರಿಗೇ ವರ್ಗಾವಣೆ ಆಗಿರೋದು ಇನ್ನೊಂದು ಸಂತೋಷ" ಎಂದರು. ಎತ್ತಿದ ಹಾರವನ್ನು ಚಿಕ್ಕತಾಯಮ್ಮ ಹಾಗೇ ಹಿಡಿದು ನಿಂತಳು.

"ಏನು? ಹೊಂಟೋಯ್ತೀಯಾ?"

"ಹೌದವ್ವ. ಮಗಳು ಅಲ್ಲಿದ್ದಾಳ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಗು ಇರೋ ತಾವ ಹೋಗ್ಲೇಬೇಕು, ಬ್ಯಾಡ ಅನ್ನಕ್ಕಾಯ್ತದಾ? ಆದ್ರೆ ಎರಡು ಸಾಲು ಸೊಪ್ಪು ಕಳ್ಕಂಡಿವ್ನಿ ಕಣೆ ನಾನು. ಅಳೆದೋಳು ಇಲ್ಲೇ ಇರ್ತಾಳೆ, ದಾರೀಲಿ ಸಿಕ್ದಾಗೆಲ್ಲ ಒಂದೊಂದು ಮಾತು ಬೈಕಂಡಿರಾನ ಅನ್ಕಂಡಿದ್ದೆ. ಇನ್ ಯಾರ್ನ ಬೈಯ್ಲಿ?"

ಸಭೆಯೆಲ್ಲ ಗೊಳ್ಳೆಂದಿತು. ಆಕೆಯೂ ಎಲೆಯಡಿಕೆಯ ಹಲ್ಲು ಕಾಣುವಂತೆ ನಕ್ಕು, ಹಾರ ಹಾಕಿ, ನನ್ನ ಕೆನ್ನೆ ಹಿಂಡಿದಳು. ನನಗೆ ಮಾತ್ರ ನಗು ಬರಲಿಲ್ಲ. ಯಾರೋ ಫೋಟೋ ಹೊಡೆದರು, ನಾನು ಅದನ್ನು ಆಗಲೇ ಮನೆಗೆ ಕಳಿಸಿದೆ.

ಸಂಜೆ ಗೌರಿ ಫೋನು ಮಾಡಿದಳು. "ಅವ್ವ, ನಿನ್ನ ಬಾಜೂ ನಿಂತ ಆ ಅಜ್ಜಿ ಯಾರು?"

"ನಾ ಅಳತಿ ಮಾಡಿದ ಮ್ಯಾಲ ನೆಲ ಹೋಯ್ತಲ್ಲ, ಅದೇ ಅಜ್ಜಿ."

ಅವಳು ಫೋಟೋವನ್ನು ಇನ್ನೊಮ್ಮೆ ನೋಡಿದಳೆಂದು ಕಾಣುತ್ತದೆ. ಆಮೇಲೆ ಕೇಳಿದಳು, "ನೆಲ ಹೋದಾಕಿ ನಗ್ಲಾಕತ್ತಾಳ. ನೀ ಊರಿಗಿ ಬರ್ಲಾಕತ್ತೀದಿ. ಮತ್ತ ಫೋಟೋದಾಗ ನೀ ಯಾಕ ಅಳ್ಲಾಕತ್ತಿ?"

ಬಂದು ಹೇಳತೀನಿ ಅಂದೆ.