ಸರದಿಗೆ ಕಾದ ಅಧ್ಯಕ್ಷರು

ಊಟದ ಮೇಜಿನ ಮೇಲೆ ಕಪ್ಪು ಶಾಯಿಯ ಬಾಟಲಿ ತೆರೆದಿತ್ತು. ಮಧ್ಯಾಹ್ನದ ಸಾರಿನ ಪರಿಮಳವನ್ನೂ ಮೀರಿ ಅದರ ವಾಸನೆ ಮೂಗಿಗೆ ಬಡಿದಾಗ ಬಾಂಗ್ಸಾರ್ ಬಡಾವಣೆಯ ಆ ಕೆಫೆ ನೆನಪಾಯಿತು.

ನನ್ನ ಹೆಂಡತಿ ವಸುಧಾ ಉಡುಪಿಯವಳು. ನಾವೀಗಿರುವ ಈ ಪರದೇಶದ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಾಳೆ. ಬೋರ್ಡಿನ ಮೇಲೆ ಎಲುಬು ಬರೆದೂ ಬರೆದೂ ಪಳಗಿದ ಕೈ. ಮನುಷ್ಯನ ಚರ್ಮದ ಕೆಳಗೆ ಏನಿದೆಯೆಂದು ಬಲ್ಲವಳು ವ್ಯಂಗ್ಯಚಿತ್ರ ಬರೆಯತೊಡಗಿದರೆ ಗಂಡನಾದವನು ಹೆದರಬೇಕೋ ಬೇಡವೋ, ನೀವೇ ಹೇಳಿ.

ಕೆಲವು ವರ್ಷಗಳ ಹಿಂದೆ ಆ ಕೆಫೆಯವರು ಒಂದು ಪ್ರದರ್ಶನ ಇಟ್ಟರು: ಅಮೆರಿಕದ ಅಧ್ಯಕ್ಷರು ಹೊರದೇಶದ ವ್ಯಂಗ್ಯಚಿತ್ರಕಾರರ ಕಣ್ಣಿಗೆ ಹೇಗೆ ಕಾಣುತ್ತಾರೆ ಎಂದು. ವಸುಧಾಳ ಚಿತ್ರವೂ ಆಯ್ಕೆಯಾಯಿತು. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಬೆವರು. ಇಲ್ಲಿನ ಐಟಿ ನಗರ ಸೈಬರ್‌ಜಯಾದಲ್ಲಿ ನಾನಿದ್ದದ್ದು ಅಮೆರಿಕದ ಕಂಪನಿಯಲ್ಲಿ. ನಮ್ಮ ಮೇಲಧಿಕಾರಿ ಆ ಅಧ್ಯಕ್ಷರಿಗೇ ಓಟು ಹಾಕಿದವರು; ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ನನ್ನ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿತ್ತು.

"ಹೆಸರು ಬೇಡ ಕಣೇ, ಇನಿಷಿಯಲ್ ಸಾಕು," ಎಂದೆ.

"ಹೆಸರಿಲ್ಲದಿದ್ರೆ ಅದು ಚಿತ್ರ ಅಲ್ಲ ಮಾರಾಯ್ರೆ, ಮೂಗರ್ಜಿ," ಎಂದವಳು ಕನ್ನಡದಲ್ಲಿ ಪೂರ್ತಿ ಹೆಸರು ಬರೆದಳು.

ಪ್ರದರ್ಶನದಲ್ಲಿ ಒಂದೊಂದು ದೇಶದವರದು ಒಂದೊಂದು ಬಗೆ. ಒಬ್ಬರ ಅಧ್ಯಕ್ಷರು ಭೂಮಿಯನ್ನು ಚೆಂಡಿನಂತೆ ಒದೆಯುತ್ತಿದ್ದರು, ಇನ್ನೊಬ್ಬರಿಗೆ ಅವರು ಹದ್ದು, ಮತ್ತೊಬ್ಬರಿಗೆ ಊದಿದ ಬಲೂನು. ಎಲ್ಲರೂ ಬೈದಿದ್ದರು, ಆದರೆ ಹಾಳೆ ತುಂಬ ಅವರನ್ನೇ ತುಂಬಿದ್ದರು. ಬೈಗುಳದಲ್ಲೂ ಎಂಥ ಭಯಭಕ್ತಿ! ವಸುಧಾಳ ಚಿತ್ರದಲ್ಲಿ ಮಾತ್ರ ಅಧ್ಯಕ್ಷರು ಹೆಬ್ಬೆರಳಿನಷ್ಟು. ಮಾಮಕ್ ಎಂಬ ಇಲ್ಲಿನ ಬೀದಿಬದಿಯ ಚಹಾದಂಗಡಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಚಹಾಕ್ಕೆ ಕೈ ಎತ್ತಿದ್ದಾರೆ. ಸುತ್ತಲಿನವರಿಗೆ ಟೀವಿಯ ಫುಟ್‌ಬಾಲೇ ಲೋಕ. ಸಪ್ಲೈಯರ್ ತಿರುಗಿಯೂ ನೋಡದೆ ಇಲ್ಲಿನವರ ಇಂಗ್ಲಿಷಿನಲ್ಲಿ ಹೇಳುತ್ತಾನೆ: "ವೆಯ್ಟ್ ಲಾ!"

ನನ್ನ ಗ್ರಹಚಾರಕ್ಕೆ, ಹತ್ತಿರದಲ್ಲೇ ಮನೆಯಿದ್ದ ಮೇಲಧಿಕಾರಿ ಕಾಫಿಗೆಂದು ಒಳಗೆ ಬಂದರು. ಒಂದೊಂದೇ ಚಿತ್ರ ದಾಟುತ್ತ ಬಂದವರು ಇದರ ಮುಂದೆ ನಿಂತೇಬಿಟ್ಟರು.

"ಇದು ಯಾವ ಲಿಪಿ?" ಎಂದು ಮೂಲೆಯ ಹೆಸರಿನತ್ತ ಬೆರಳು ಮಾಡಿ ನನ್ನನ್ನೇ ಕೇಳಿದರು.

ಯಾವುದೋ ಭಾರತದ ಭಾಷೆ ಎಂದು ಜಾರಿಕೊಳ್ಳಬಹುದಿತ್ತು. ಪಕ್ಕದಲ್ಲೇ ನಿಂತಿದ್ದ ವಸುಧಾ ನನ್ನತ್ತ ನೋಡಲೂ ಇಲ್ಲ. ಆ ನೋಡದಿರುವುದೇ ನನ್ನ ಬೆನ್ನು ನೆಟ್ಟಗೆ ಮಾಡಿತು.

"ಕನ್ನಡ. ಬರೆದವಳು ನನ್ನ ಹೆಂಡತಿ, ಇವಳೇ," ಎಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಬಂತು. ಎರಡು ಮೇಜಿನವರು ತಿರುಗಿ ನೋಡಿದರು.

ಅವರು ನಗಲಿಲ್ಲ. ಚಿತ್ರದ ಹತ್ತಿರಕ್ಕೆ ಬಗ್ಗಿ ನೋಡಿ, ವಸುಧಾಳನ್ನು ಕೇಳಿದರು: "ಕೊನೆಗೆ ಅವರಿಗೆ ಚಹಾ ಸಿಗುತ್ತದಾ?"

"ಸಿಗುತ್ತೆ," ಎಂದಳು ಅವಳು, ಅವರದೇ ಇಂಗ್ಲಿಷಿನಲ್ಲಿ, "ಸರದಿ ಬಂದಾಗ."

ಅವರು ತಲೆಯಾಡಿಸಿ ಅವಳ ಕೈ ಕುಲುಕಿ ಹೋದರು. ಸೋಮವಾರ ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಅವರು ಕೇಳಿದ್ದು ಒಂದೇ: ಆ ಚಿತ್ರದ ಪ್ರತಿ ಸಿಗುತ್ತದೆಯೇ ಎಂದು.

ಇವತ್ತು ವಸುಧಾ ಹೊಸ ಚಿತ್ರವೊಂದನ್ನು ನನ್ನ ಮುಂದೆ ಸರಿಸಿದಳು. ಯಾರಿಗೆ ಬೇಸರವಾದೀತು ಎಂದು ನಾನು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದು ಕೂತೆ.

"ಎಂತ, ಏನೂ ಹೇಳುದಿಲ್ವಾ?" ಎಂದಳು.

"ಇರು ಮಾರಾಯ್ತಿ," ಎಂದೆ, "ನೋಡ್ತಾ ಇದೀನಿ."