ಎರಡಂಕಣದ ಮನೆಪಟ್ಟಿ

ಶೆಟ್ಟೆವ್ವನ ಅಜ್ಜ ಬೀರಸಿದ್ದಪ್ಪ ತುಂಬಿ ಹರಿಯುವ ಘಟಪ್ರಭೆಯಲ್ಲಿ ಮುನ್ನೂರು ಕುರಿಗಳನ್ನು, ಒಂದು ಮರಿಯೂ ಹೋಗದಂತೆ, ದಾಟಿಸಿದವನು. ಅಪ್ಪ ಮಾಲಿಂಗಪ್ಪ ಬಡಿಗೆಯಿಂದಲೇ ಎರಡು ತೋಳ ಕೆಡವಿದ್ದ. ಅವನು ನೇಯ್ದ ಕಂಬಳಿಯಲ್ಲಿ ನೀರು ಕಟ್ಟಿ ಒಯ್ಯಬಹುದು ಎನ್ನುತ್ತಿದ್ದರು. ಇಂಥ ಮನೆತನದವಳು, ಗಂಡ ಉದ್ದಪ್ಪ ತೀರಿಕೊಂಡ ಮೇಲೆ ಯಾರ ಮುಂದೆಯೂ ಸೆರಗೊಡ್ಡದೆ ಎಪ್ಪತ್ತು ಕುರಿ ಕಾಯ್ದುಕೊಂಡಿದ್ದಳು. ಮಮದಾಪುರದ ಆಚೆ, ನಮ್ಮೂರ ಕೊನೆಯ ಓಣಿಯಲ್ಲಿ ಅವಳದು ಎರಡಂಕಣದ ಮಣ್ಣಿನ ಮನೆ. ಗಂಡ ಹೆಂಡತಿ ತಾವೇ ಕೆಸರು ತುಳಿದು ಕಟ್ಟಿದ್ದು.

೧೯೬೦ರ ಸುಮಾರಿಗೆ ಹೊಸ ಕಾಯ್ದೆಯ ಪಂಚಾಯ್ತಿ ಬಂತು. ಹೊಲಕ್ಕಷ್ಟೇ ಕಂದಾಯ ಕಟ್ಟಿ ಗೊತ್ತಿದ್ದ ಊರು, ಇನ್ನು ಮನೆಗೂ ಪಟ್ಟಿ ಎಂದಾಗ ಗುರ್ರೆಂದಿತು. ಚೇರಮನ್ ಗುರುಲಿಂಗಪ್ಪನವರು, ಕಂಬದಿಂದ ಕಂಬಕ್ಕೆ ಒಂದು ಅಂಕಣ, ಅಂಕಣಕ್ಕೆ ನಾಲ್ಕಾಣೆ ಎಂದು ಗೊತ್ತು ಮಾಡಿ, ತಮ್ಮ ಹನ್ನೆರಡಂಕಣದ ಮನೆಯನ್ನೇ ಮೊದಲು ಬರೆಸಿದರು. ಊರು ಬಾಯಿ ಮುಚ್ಚಿತು.

ಅಳೆಯಲು ಬಂದ ಕಾರ್ಯದರ್ಶಿ ಸತ್ಯಪ್ಪ ಹುಕ್ಕೇರಿ ಪೇಟೆಯಲ್ಲಿ ಬೆಳೆದವ. ಬಂದದ್ದು ಸುಡು ಬೇಸಿಗೆಯಲ್ಲಿ. ನಮ್ಮ ಕುರುಬರು ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದರೆ ತಿರುಗಿ ಬರುವುದು ಮುಂಗಾರಿಗೆ. ಮನೆಯಲ್ಲಿ ಯಾರೂ ಉಳಿಯದಿದ್ದರೆ ಬಾಗಿಲಿಗೆ ಜಾಲಿಮುಳ್ಳು ಅಡ್ಡ ಬಡಿದು ಹೋಗುತ್ತಾರೆ. ಒಡೆಯರಿದ್ದಾರೆ, ಬರುತ್ತಾರೆ ಎಂದು ಅದರ ಅರ್ಥ. ಕಳ್ಳನೂ ಆ ಮುಳ್ಳು ಮುಟ್ಟುವುದಿಲ್ಲ. ಉಳಿದ ಮನೆಗಳಲ್ಲಿ ಮುದುಕರಾದರೂ ಇದ್ದರು. ಮುಳ್ಳಿದ್ದದ್ದು ಶೆಟ್ಟೆವ್ವನ ಬಾಗಿಲಿಗೊಂದೇ. ಸತ್ಯಪ್ಪ ಅದನ್ನು ನೋಡಿ ‘ಹಾಳುಮನೆ’ ಎಂದು ಬರೆದ. ಬಾಜೂ ಮನೆಯ ಖಂಡೆಪ್ಪನನ್ನು ಕೇಳಿದರೆ ಅವನೂ ಹೂಂಗುಟ್ಟಿದ. ಹಾಳುಮನೆಯ ಜಾಗ ಪಂಚಾಯ್ತಿಗೆ ಸೇರುತ್ತಿತ್ತು, ಖಂಡೆಪ್ಪನಿಗೆ ಬಣವೆ ಒಟ್ಟಲು ಜಾಗ ಬೇಕಾಗಿತ್ತು.

ಮುಂಗಾರಿಗೆ ಬಂದ ಶೆಟ್ಟೆವ್ವ ತನ್ನ ಬಾಗಿಲೆದುರು ಖಂಡೆಪ್ಪನ ಜೋಳದ ಕಣಿಕೆಯ ಬಣವೆ ಕಂಡಳು. ಕುರಿಗಳನ್ನು ದಡ್ಡಿಗೆ ಬಿಟ್ಟವಳೇ ನೆಟ್ಟಗೆ ಚಾವಡಿಗೆ ಬಂದಳು.

ಗುರುಲಿಂಗಪ್ಪನವರು ಎಲ್ಲ ಕೇಳಿ, ಸಂಜೆಯೊಳಗೆ ಬಣವೆ ತೆಗೆಯಬೇಕೆಂದು ಚಾವಡಿ ಕಟ್ಟೆಯ ಮೇಲೆ ಕೂತಿದ್ದ ಖಂಡೆಪ್ಪನಿಗೆ ಹೇಳಿದರು. ಆದರೆ ಸತ್ಯಪ್ಪ ಬರೆದ ಮನೆಗಳ ಯಾದಿ ಆಗಲೇ ಗೋಕಾಕದ ತಾಲೂಕು ಕಚೇರಿಗೆ ಹೋಗಿತ್ತು. ಕಾಗದದಲ್ಲಿ ಹಾಳುಮನೆ ಎಂದೇ ಇರಲಿ, ಯಾರೂ ನಿನ್ನನ್ನು ಎಬ್ಬಿಸುವುದಿಲ್ಲ, ಪಟ್ಟಿ ಕಟ್ಟುವುದೂ ತಪ್ಪುತ್ತದೆ ಎಂದು ಸಮಾಧಾನ ಹೇಳಿದರು. ಶೆಟ್ಟೆವ್ವ ಒಪ್ಪಲಿಲ್ಲ.

“ನೀವು ಇರೋತನಕ ಖರೆ. ನಿಮ್ಮ ಹಿಂದ ಬಂದಾವ್ರಿಗಿ ನಾ ಏನ್ ತೋರಸ್ಲಿ? ಬರಕೋರಿ, ಶೆಟ್ಟೆವ್ವಂದು ಎರಡ ಅಂಕಣ.”

ಖಂಡೆಪ್ಪ ಕಟ್ಟೆಯ ಮೇಲಿಂದಲೇ ಅಂದ: “ಪಟ್ಟಿ ಬ್ಯಾಡ್ರಿ ಅಂತ ಊರೆಲ್ಲಾ ಅಳತೈತಿ. ಈಕಿ ಹಾಕ್ರಿ ಅಂತ ಅಳಾಕತ್ತಾಳ.”

ಕೂತವರು ನಕ್ಕರು. ಗುರುಲಿಂಗಪ್ಪನವರು ನಗಲಿಲ್ಲ. ಇನ್ನು ಮುಂದೆ ಕುರುಬರೆಲ್ಲ ಊರಿಗೆ ಬಂದ ಮೇಲೆ, ಶ್ರಾವಣದಲ್ಲೇ ಮನೆ ಅಳೆಯಬೇಕೆಂದು ಠರಾವು ಬರೆಸಿದರು. ಸತ್ಯಪ್ಪನನ್ನು ಮರುದಿನವೇ ಗೋಕಾಕಕ್ಕೆ ಕಳಿಸಿ ತಪ್ಪು ತಿದ್ದಿಸಿದರು. ಆಮೇಲೆ ಶೆಟ್ಟೆವ್ವನ ಹೆಸರಲ್ಲಿ ಎಂಟಾಣೆಯ ಪಾವತಿ ಚೀಟಿ ಹರಿಯಲು ಕರೆಸಿದರೆ ಅವಳ ಸಂಚಿ ಬರಿದಾಗಿತ್ತು. ಉಣ್ಣೆ ಇನ್ನೂ ಮಾರಿರಲಿಲ್ಲ. ಗುರುಲಿಂಗಪ್ಪನವರು ತಾವೇ ಕೊಡುತ್ತೇನೆಂದು ಕಿಸೆಯಿಂದ ಎಂಟಾಣೆ ತೆಗೆದರು.

“ಬ್ಯಾಡ್ರಿ ಅಣ್ಣಾರ,” ಅಂದಳು ಶೆಟ್ಟೆವ್ವ. “ನೀವು ಕಟ್ಟಿದ್ರ ನಾಳಿ ಖಂಡೆಪ್ಪ, ಇದು ಚೇರಮನ್ರು ಇಟ್ಕೊಂಡ ಮನಿ ಅಂತಾನ. ಸಂತ್ಯಾಗ ಉಣ್ಣಿ ಮಾರಿ ನಾನ ತಂದ ಕೊಡ್ತೇನಿ. ಅಲ್ಲೀತನಕ ಪಾವತಿ ನಿಮ್ಮ ಕಡೇನ ಇರ್ಲಿ. ನಿಮ್ಮ ರೊಕ್ಕಾ ತಿರುಗಿ ಕಿಸೇದಾಗ ಹಾಕ್ಕೋರಿ.”