ಶಾಯಿಗೆ ಮೊದಲು ಪೆನ್ಸಿಲ್ಲು

ಪರದೇಶದ ಈ ಊರಿನಲ್ಲಿ ನಮ್ಮ ಮೇಲಿನ ಮನೆಯ ಅನುವಾದಕರು ಇಂಗ್ಲಿಷ್ ಪತ್ರಗಳನ್ನು ಪೋಲಿಷ್ ಭಾಷೆಗೆ ತಿರುಗಿಸಿಕೊಡುತ್ತಾರೆ. ಕೊಡುವುದು ನಿಜ, ಯಾವಾಗ ಎಂದು ಮಾತ್ರ ಕೇಳಬಾರದು. ಹಲವು ಅರ್ಥಗಳಿರುವ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಅವರ ಕಪಾಟಿನಲ್ಲಿ ಒಂದು ಚೀಟಿಗಳ ಕಟ್ಟು. ‘ಗೆಟ್’ ಎಂಬ ಒಂದೇ ಪದ ಎರಡು ಖಾನೆಗಳನ್ನು ಆಕ್ರಮಿಸಿ, ಅವರ ಅಂಗಿಗಳನ್ನು ಕುರ್ಚಿಯ ಮೇಲಕ್ಕೆ ಓಡಿಸಿದೆ. ಚೀಟಿಯನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ. ಅರ್ಥ ಖಚಿತವಾದ ಮೇಲೆಯೇ ಶಾಯಿ. ಪತ್ರ ಕೊಟ್ಟವರು ಹಾಲು ತರಲು ಹೊರಟಿದ್ದರೂ ಮೆಟ್ಟಿಲ ಮೇಲೆ ತಡೆದು, ಪತ್ರದ ಪದವೊಂದನ್ನು ಹಿಡಿದು, “ಹೇಳಿದ್ದು ಯಾರು? ಯಾರಿಗೆ? ನಿಂತಿದ್ರಾ, ಕೂತಿದ್ರಾ?” ಎಂದು ವಿಚಾರಣೆ ನಡೆಸುತ್ತಾರೆ. ಒಂದು ದಿನದ ರೈಲು ಹಾದಿಯಾಚೆ ಇರುವ, ಪೋಲಿಷ್ ಬಿಟ್ಟು ಬೇರೆ ಭಾಷೆ ಬಾರದ ನನ್ನ ಬೀಗಿತ್ತಿಗೆ ಶಸ್ತ್ರಚಿಕಿತ್ಸೆ ಎಂದು ತಿಳಿದು ನಾನು ಬರೆದ ಪತ್ರ ಹದಿನಾಲ್ಕೇ ಸಾಲು. ಅದರ ‘ಕೇರ್’ ಎಂಬ ಒಂದು ಪದಕ್ಕಾಗಿ ಈ ಮಹಾಶಯರು ನಾಲ್ಕು ಸಲ ಕೆಳಗಿಳಿದು ಬಂದರು. “ಸ್ವಾಮಿ, ಇದು ಬರೀ ಚಿಂತೆನೋ, ಪಕ್ಕದಲ್ಲಿ ಕೂತು ನೋಡ್ಕೊಳ್ಳೋದೋ?” “ಅದು ಮರ್ಯಾದೆಗೆ ಬರೆಯೋ ಮಾತು ಕಣ್ರೀ!” “ಮರ್ಯಾದೆಗೆ ನನ್ನ ಹತ್ರ ಚೀಟಿ ಇಲ್ಲ. ಆಪರೇಷನ್ ಆದೋರು ಬಾಗಿಲು ನೋಡ್ತಾ ಮಲಗಿರ್ತಾರೆ. ಹೋಗ್ತೀರೋ, ಇಲ್ವೋ?” ಸಿಟ್ಟಿನ ಭರದಲ್ಲಿ “ಹೋಗಿ ಕೂತ್ಕೋತೀನಿ, ಬರ್ಕೊಳ್ಳಿ!” ಎಂದುಬಿಟ್ಟೆ, ಎಂದ ಮೇಲೆ ರೈಲು ಹತ್ತದೆ ಗತಿಯಿರಲಿಲ್ಲ. ಬೀಗಿತ್ತಿ ಎದ್ದು ಓಡಾಡುವಂತಾದ ಮೇಲೆ ಮರಳಿದಾಗ, ಅವರು ಮೆಟ್ಟಿಲ ಬಳಿಯೇ ಕಾದಿದ್ದರು. “ಕೂತ್ರಾ?” “ಏಳು ದಿನ ಕೂತೆ. ಇನ್ನೆರಡು ದಿನ ರೈಲಿನಲ್ಲಿ ಹೋಯ್ತು, ಅದನ್ನ ಸೇರಿಸ್ಬೇಡಿ.” ಅವರು ಜೇಬಿನಿಂದ ‘ಕೇರ್’ ಪದದ ಚೀಟಿ ತೆಗೆದು, ನನ್ನ ಪೆಟ್ಟಿಗೆಯ ಮೇಲೆಯೇ ಇಟ್ಟುಕೊಂಡು, ಪೆನ್ಸಿಲ್ಲಿನ ಅಕ್ಷರಗಳ ಮೇಲೆ ನಿಧಾನವಾಗಿ ಶಾಯಿ ಎಳೆದರು.